ಗಿಡಕ್ಕೆ ಹೇಳಿದ ಹೆಸರು

ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕಿದ ದಿನವೂ ನಾನು ಎಂದಿನಂತೆ ಕಾಲೇಜಿಗೆ ಹೋಗಿ ಕ್ಯಾನ್ಸರ್ ಕೋಶಗಳಿಗೆ ಊಟ ಹಾಕಿ ಬಂದೆ. ಅದು ನನ್ನ ಉದ್ಯೋಗ. ಊಟ ಹಾಕಿ ಬೆಳೆಸುವುದು, ಚೆನ್ನಾಗಿ ಬೆಳೆದ ಮೇಲೆ ಗಿಡದ ಸಾರ ಹಾಕಿ ಕೊಲ್ಲುವುದು. ಹಬ್ಬಕ್ಕೆ ಹೋತ ಮೇಯಿಸಿದ ಹಾಗೆ ಎಂದು ನನ್ನ ಗಂಡ ಬಸವರಾಜ ತಮಾಷೆ ಮಾಡುತ್ತಿದ್ದರು. ಅವರು ರಾಮಸಮುದ್ರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ನಾವಿಬ್ಬರೂ ಯಾದಗಿರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಆ ಸಂಜೆ ಅವರ ತಮಾಷೆಗೆ ನಾನು ನಗಲಿಲ್ಲ.

ದವಾಖಾನೆಯ ಕಬ್ಬಿಣದ ಬೆಂಚಿನ ಮೇಲೆ ತಮ್ಮ ಹೆಸರು ಕೂಗುವುದನ್ನು ಕಾಯುತ್ತ ಕೂತ ಯಾರಾದರೂ ಇದನ್ನು ಓದಬಹುದು. ಅವರಿಗೆ ಧೈರ್ಯ ಹೇಳಲು ನಾನು ಬರೆಯುತ್ತಿಲ್ಲ. ಧೈರ್ಯ ಹೇಳಲು ಬಂದವರನ್ನು ಕಂಡರೆ ನನಗೆ ಆಗಲೂ ಮೈ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ನನಗೆ ಏನಾಯಿತು, ಆ ದಿನಗಳಲ್ಲಿ ನಮ್ಮ ಅವ್ವ ಏನು ಮಾಡಿದಳು, ಇಷ್ಟು ಹೇಳುತ್ತೇನೆ. ಹೆದರಿಕೆ ಎಷ್ಟು ವಿಚಿತ್ರ ದಾರಿಗಳಲ್ಲಿ ಮನೆಯೊಳಗೆ ಬರುತ್ತದೆ ಎಂದು ಗೊತ್ತಾದರೆ, ನಮ್ಮ ಮನೆಯಲ್ಲಿ ಮಾತ್ರ ಹೀಗೆ ಎಂಬ ಒಂಟಿತನ ಸ್ವಲ್ಪ ಕಡಿಮೆಯಾದೀತು.

ಮೊದಲು ಆ ಹೆಂಗಸಿನ ವಿಷಯ ಹೇಳಬೇಕು.

ನಮ್ಮದು ಊರಿನ ಹೊರಗಿನ ಸಣ್ಣ ಔಷಧ ಕಾಲೇಜು. ಅದರ ಹಿಂಬದಿಯ ಕೋಣೆಯಲ್ಲಿ ಒಂದು ಉಕ್ಕಿನ ಪೆಟ್ಟಿಗೆ ಇದೆ. ಅದರೊಳಗೆ ಮನುಷ್ಯರ ಮೈಯಷ್ಟೇ ಬಿಸಿ. ಆ ಬಿಸಿಯಲ್ಲಿ, ಚಪ್ಪಟೆ ಸೀಸೆಗಳ ತಳಕ್ಕೆ ಅಂಟಿಕೊಂಡು, ಕೆಂಪು ನೀರಿನ ಕೆಳಗೆ ಕೋಶಗಳು ಬೆಳೆಯುತ್ತವೆ. ಅವು ಒಬ್ಬ ಹೆಣ್ಣುಮಗಳ ಗೆಡ್ಡೆಯಿಂದ ತೆಗೆದವು. ಆಕೆ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದಳಂತೆ. ಎಲ್ಲಿಯವಳೋ, ಯಾರ ತಾಯಿಯೋ, ಯಾರಿಗೂ ಗೊತ್ತಿಲ್ಲ. ಸೀಸೆಯ ಮೇಲೆ ಎರಡು ಅಕ್ಷರ, ಒಂದಿಷ್ಟು ಅಂಕಿ, ಅಷ್ಟೇ. ಪೆಟ್ಟಿಗೆಯ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವ ಗಾಳಿ ಉಸಿರಿನ ಹಾಗೆ ಬೆಚ್ಚಗೆ, ಒದ್ದೆಯಾಗಿ ಇರುತ್ತದೆ. ಸತ್ತವಳಿಗೆ ಇನ್ನೂ ಮೈ ಬಿಸಿ ಇದೆಯಲ್ಲ ಎಂದು ಮೊದಮೊದಲು ನನಗೆ ಅಂಜಿಕೆಯಾಗುತ್ತಿತ್ತು. ಆಮೇಲೆ ರೂಢಿಯಾಯಿತು. ಬೆಳಿಗ್ಗೆ ಬಾಗಿಲು ತೆಗೆದು "ಹ್ಯಾಂಗದೀಯವಾ" ಎಂದು ಮಾತಾಡಿಸಲೂ ಶುರುಮಾಡಿದೆ.

ಆಕೆಯ ಕೋಶಗಳ ಮೇಲೆ ನಾನು ಹಾಕುತ್ತಿದ್ದುದು ನಿತ್ಯಪುಷ್ಪದ ಸಾರ. ನಮ್ಮ ಕಡೆ ಕಾಶಿ ಕಣಗಲೆ ಎಂದೂ ಕರೆಯುತ್ತಾರೆ. ನಸುನೇರಳೆ ಬಣ್ಣದ ಐದು ಎಸಳಿನ ಹೂವು, ಆಡು ಮುಟ್ಟದ ಎಲೆ. ಅದರಿಂದ ಕ್ಯಾನ್ಸರಿಗೆ ಔಷಧ ಆಗುತ್ತದೆ ಎಂಬುದು ಹೊಸ ಸಂಗತಿಯಲ್ಲ. ನಾನು ನೋಡಬೇಕೆಂದಿದ್ದುದು ಬೇರೆ. ಅವ್ವ ಇರುವುದು ಸುರಪುರದ ಹತ್ತಿರ ಬೋನಾಳದಲ್ಲಿ, ನನ್ನ ತಮ್ಮನ ಮನೆಯಲ್ಲಿ. ಕಾಲುವೆ ಬಂದ ಮೇಲೆ ಅಲ್ಲಿ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾದವು, ಮನೆಗಳ ಮೇಲೆ ಮಾಳಿಗೆ ಎದ್ದವು. ಆದರೆ ತಗ್ಗಿನಲ್ಲಿದ್ದ ನಮ್ಮ ಒಂದು ತುಂಡು ಹೊಲದಲ್ಲಿ ನೀರು ನಿಂತು ನಿಂತು ನೆಲ ಸವಳಾಯಿತು. ಬೇಸಿಗೆಯಲ್ಲಿ ಉಪ್ಪು ಬಿಳಿಯಾಗಿ ಮೇಲೆ ಏಳುತ್ತದೆ. ಹೊಲದ ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೆ ಊರಿನ ರುದ್ರಭೂಮಿ. ಬೇರೇನೂ ಚಿಗುರದ ಆ ನೆಲದಲ್ಲಿ ರುದ್ರಭೂಮಿಯ ಕಡೆಯಿಂದ ಹಬ್ಬಿದ ನಿತ್ಯಪುಷ್ಪ ಮಾತ್ರ ಸೊಂಪಾಗಿ ಹೂಬಿಟ್ಟಿತ್ತು. ಉಪ್ಪು ಕುಡಿದ ಗಿಡದಲ್ಲಿ ಔಷಧ ಹೆಚ್ಚೋ ಕಡಿಮೆಯೋ ಎಂಬುದೇ ನನ್ನ ಪ್ರಶ್ನೆ.

ಎಲೆ ಕಿತ್ತು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ಕುದಿಸಿ ಇಳಿಸಿದರೆ ಕೊನೆಗೆ ತಳದಲ್ಲಿ ಕಾಡಿಗೆಯಂಥ ಹಸಿರು ಅಂಟು ಉಳಿಯುತ್ತದೆ. ಅದನ್ನು ಸಣ್ಣ ಸಣ್ಣ ಗುಳಿಗಳ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಹಾಕಿ, ಮರುದಿನ ಒಂದು ಹಳದಿ ಬಣ್ಣ ಹಾಕುತ್ತೇವೆ. ಬದುಕಿದ್ದ ಕೋಶ ಹಳದಿಯನ್ನು ನೇರಳೆ ಮಾಡುತ್ತದೆ. ಸತ್ತಿದ್ದರೆ ಹಳದಿ ಹಳದಿಯಾಗಿಯೇ ಇರುತ್ತದೆ. ನನಗೆ ಹಳದಿ ಬೇಕಿತ್ತು. ಆದರೆ ಪ್ರತಿ ಸಲವೂ ತಟ್ಟೆಯ ತುಂಬ ನೇರಳೆ, ಆ ಹೂವಿನದೇ ಬಣ್ಣ.

ಒಮ್ಮೆ ಊರಿಗೆ ಹೋದಾಗ ಅವ್ವನ ಮುಂದೆ ಗೊಣಗಿದೆ. ಅವ್ವನ ಹೆಸರು ನೀಲಮ್ಮ. ಅವಳ ತಾಯಿ ಕಾಮಾಲೆಗೆ ಗಿಡಮೂಲಿಕೆ ಕೊಡುತ್ತಿದ್ದಳು; ಅವ್ವನಿಗೆ ಆ ವಿದ್ಯೆ ಬರಲಿಲ್ಲ, ಅದರ ರಿವಾಜು ಮಾತ್ರ ತಲೆಯಲ್ಲಿ ಉಳಿದಿತ್ತು.

"ಗಿಡಕ್ಕ ಹೇಳಿ ತಂದಿಯೇನು?" ಎಂದಳು.

ಹೇಳುವುದೆಂದರೆ, ಔಷಧಕ್ಕೆ ಎಲೆ ಕೀಳುವ ಹಿಂದಿನ ದಿನ ಸಂಜೆ ಗಿಡದ ಹತ್ತಿರ ಹೋಗಬೇಕು. ಬುಡಕ್ಕೆ ನೀರು ಹಾಕಿ, ಅರಿಷಿಣ ಹಚ್ಚಿದ ದಾರ ಕಟ್ಟಿ, ಇಂಥವರಿಗೆ ಬೇನೆ ಇದೆ, ನಾಳೆ ಬರುತ್ತೇನೆ, ಔಷಧ ಕೊಡು ಎಂದು ಬೇನೆಯವರ ಹೆಸರು ಹಿಡಿದು ಕೇಳಬೇಕು. ಬೆಳಿಗ್ಗೆ ಯಾರೊಂದಿಗೂ ಮಾತಾಡದೆ ಹೋಗಿ ಎಲೆ ತರಬೇಕು. ಹೇಳಿಸಿಕೊಂಡ ಗಿಡವನ್ನು ಬೇರುಸಹಿತ ಕೀಳಬಾರದು. ಕೇಳದೆ ಕಿತ್ತರೆ ಗಿಡ ಬರೀ ಸೊಪ್ಪು ಕೊಡುತ್ತದೆ, ಔಷಧ ಕೊಡುವುದಿಲ್ಲ.

"ಯಾರಿಗಂತ ಹೇಳಲವ್ವ? ಸೀಸೆದಾಗಿನ ಹೆಣ್ಮಗಳಿಗಿ ಬ್ಯಾನಿ ಆಗ್ಯಾದ ಅಂತ ಹೇಳಲೇನು?" ಎಂದು ನಾನು ನಕ್ಕೆ.

ಅವ್ವ ನಗಲಿಲ್ಲ. "ಅಕಿ ಹೆಸರೇನು?"

"ಯಾರಿಗಿ ಗೊತ್ತು."

"ಹೆಸರಿಲ್ಲದಾಕಿಗಿ ಗಿಡ ಹ್ಯಾಂಗ ಕೊಟ್ಟೀತು?" ಎಂದವಳು, "ಮುಂದಿನ ಸಲ ನೀ ಬರಬ್ಯಾಡ. ಗಿಡದ ತಪ್ಪಲಾ ನಾನs ಹರದು ಬಸ್ಸಿನ್ಯಾಗ ಕಳಸ್ತೀನಿ" ಎಂದಳು.

ಕಳಿಸಿದಳು. ಸುರಪುರದಿಂದ ಬರುವ ಬಸ್ಸಿನ ಕಂಡಕ್ಟರ್ ನನ್ನ ಕೈಗೆ ಚೀಲ ಕೊಡುವಾಗ ಮುಖ ಸಿಂಡರಿಸಿದ. "ಸುಡಗಾಡದಾಗಿನ ಹೂವು ಯಾಕ ತರಸ್ತೀರಿ ಮೇಡಂ? ಶಹಾಪುರ ಮಟ ಈ ಸೀಟಿನ್ಯಾಗ ಯಾರೂ ಕೂಡಲಿಲ್ಲ" ಎಂದ. ನಾನು ಕ್ಷಮೆ ಕೇಳಿ ಚೀಲ ತೆಗೆದುಕೊಂಡೆ.

ಆ ಎಲೆಯ ಸಾರ ಹಾಕಿದ ಮರುದಿನ ತಟ್ಟೆ ಹಳದಿಯಾಗಿಯೇ ಉಳಿಯಿತು. ಒಂದು ಗುಳಿಯಲ್ಲೂ ನೇರಳೆ ಇರಲಿಲ್ಲ. ನನ್ನ ಕಣ್ಣನ್ನೇ ನಂಬದೆ ಮತ್ತೊಮ್ಮೆ ಮಾಡಿದೆ, ಮತ್ತೆ ಹಳದಿ. ಕಾಲೇಜಿನಲ್ಲಿ ಎಲ್ಲರಿಗೂ ಜಿಲೇಬಿ ಹಂಚಿದೆ. ಅವ್ವನಿಗೆ ಫೋನ್ ಮಾಡಿ ಹೇಳಿದರೆ ಅವಳೂ ಹಿಗ್ಗಿದಳು. ದೀಪಾವಳಿ ಹತ್ತಿರವಿತ್ತು. ಆ ಹಬ್ಬದಲ್ಲೇ ನನಗೆ ಸಂಜೆ ಸಂಜೆ ಸಣ್ಣಗೆ ಜ್ವರ ಬರಲು ಶುರುವಾಯಿತು.

ಜ್ವರ, ಮೈತುರಿಕೆ, ಬೆಳಿಗ್ಗೆ ಏಳುವಷ್ಟರಲ್ಲಿ ದಿಂಬು ಒದ್ದೆ. ಆಮೇಲೆ ಆ ಗಂಟು. ತಲೆ ಬಾಚುತ್ತಿದ್ದೆ, ಬೆರಳು ಕುತ್ತಿಗೆಗೆ ತಗುಲಿತು. ಹಲಸಂದೆ ಕಾಳಿಗಿಂತ ದೊಡ್ಡದು, ಒತ್ತಿದರೆ ನೋವಿಲ್ಲ. ನೋಯದ ಗಂಟು ಒಳ್ಳೆಯದಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಚಣಿಕೆ ಎತ್ತಿ ಜಡೆ ಹೆಣೆದುಕೊಂಡೆ.

ನಮ್ಮ ಕಡೆ ಕುತ್ತಿಗೆಯ ಗಂಟು ಎಂದರೆ ಮೊದಲು ಟಿಬಿ. ನನಗೂ ಟಿಬಿಯ ಗುಳಿಗೆ ಕೊಟ್ಟರು. ನಾನು ಬಹಳ ಖುಷಿಯಿಂದ ನುಂಗಿದೆ. ಟಿಬಿ ಆಗಲಿ ದೇವರೇ ಎಂದು ಹರಕೆ ಹೊತ್ತವಳು ಯಾದಗಿರಿ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಗಂಟು ಕರಗಲಿಲ್ಲ, ಪಕ್ಕದಲ್ಲಿ ಇನ್ನೊಂದು ಎದ್ದಿತು. ಕೊನೆಗೆ ಅದರ ತುಣುಕು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಆ ವರದಿ ಬರುವವರೆಗೂ ನಾನು ದಿನಾ ಕಾಲೇಜಿಗೆ ಹೋದೆ, ಸೀಸೆಯ ಹೆಂಗಸನ್ನು ಮಾತಾಡಿಸುವುದನ್ನು ಮಾತ್ರ ಬಿಟ್ಟೆ. ನನ್ನ ತುಣುಕೂ ಎಲ್ಲೋ ಒಂದು ಸೀಸೆಯಲ್ಲಿ, ಮೇಲೆ ಒಂದು ಅಂಕಿ ಬರೆಸಿಕೊಂಡು ಕೂತಿತ್ತು. ಯಾರಾದರೂ ಅದನ್ನು "ಹ್ಯಾಂಗದೀಯವಾ" ಎಂದು ಕೇಳಿದ್ದರೆ ನನಗೆ ತಡೆಯಲಾಗುತ್ತಿರಲಿಲ್ಲ.

ವರದಿ ಬಂದಾಗ ಡಾಕ್ಟರು, "ಟಿಬಿ ಅಲ್ಲಮ್ಮ. ದುಗ್ಧರಸ ಗ್ರಂಥಿಯ ಕ್ಯಾನ್ಸರ್. ವಾಸಿ ಆಗೋ ಜಾತಿದು. ಹೈದರಾಬಾದಿಗೆ ಹೋಗ್ರಿ" ಎಂದರು. ಎದುರಿಗಿದ್ದವರನ್ನು ಮಾತಿನಲ್ಲೇ ಮುಳುಗಿಸುವ ಬಸವರಾಜ ಹೊರಗೆ ಬಂದು ಬಂಡಿಯವನ ಹತ್ತಿರ ಬಾಳೆಹಣ್ಣು ಕೊಂಡರು. ಮುಂದಿನ ಬಂಡಿಯಲ್ಲಿ ಮತ್ತೆ ಕೊಂಡರು. ಮನೆ ಮುಟ್ಟುವಷ್ಟರಲ್ಲಿ ಅವರ ಎರಡೂ ಕೈಗಳಲ್ಲಿ ಬಾಳೆಹಣ್ಣು. ನನಗೆ ಅಳು ಬರಲಿಲ್ಲ, ಇಷ್ಟು ಹಣ್ಣು ಯಾರು ತಿನ್ನುತ್ತಾರೆ ಎಂಬ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಆ ದಿನ ಹೇಗೋ ಕಳೆಯಿತು.

ಅವ್ವನಿಗೆ ಫೋನಿನಲ್ಲಿ ಅವರೇ ಹೇಳಿದರು. ಅವ್ವ ಅಳಲಿಲ್ಲ. "ಯಾವಾಗಿಂದ ಶುರು ಆಗ್ಯಾದ?" ಎಂದು ಕೇಳಿದಳಂತೆ. ದೀಪಾವಳಿ ಮುಂದ ಎಂದರೆ ಫೋನ್ ಇಟ್ಟುಬಿಟ್ಟಳು.

ಮರುದಿನ ಮಧ್ಯಾಹ್ನ ಬಂದಳು. ಒಳಗೆ ಬರುವ ಮೊದಲೇ ನಮ್ಮ ಬಾಗಿಲ ಮುಂದಿನ ಕುಂಡದಲ್ಲಿದ್ದ ನಿತ್ಯಪುಷ್ಪವನ್ನು ಮಣ್ಣುಸಹಿತ ಎತ್ತಿ ಓಣಿಯ ಆಚೆ ಒಯ್ದು ಇಟ್ಟಳು. ಕೈ ತೊಳೆದು ಹೊಸ್ತಿಲ ಮೇಲೆ ಕೂತಳು, ನನ್ನ ಹತ್ತಿರ ಬರಲಿಲ್ಲ. ಹಡೆದ ತಾಯಿ, ನನ್ನ ತಲೆ ಮುಟ್ಟಲಿಲ್ಲ. ಕ್ಯಾನ್ಸರ್ ಅಂಟುರೋಗವಲ್ಲವ್ವ ಎಂದೆ. ನನಗ ಗೊತ್ತದ ಎಂದಳು. ಒಳಗಿನಿಂದ ಬಸವರಾಜ "ಶಿವಲೀಲಾ, ಚಹಾ ಮಾಡಲೇನು?" ಎಂದು ಕೇಳಿದರು. ಅವ್ವ ದಿಗ್ಗನೆ ಎದ್ದು ನಿಂತಳು.

"ಅಳಿಯಂದ್ರ, ಮೆಲ್ಲಕ. ಅಕಿ ಹೆಸರ ಹಿಡದು ಕರೀಬ್ಯಾಡ್ರಿ."

"ಯಾಕ್ರಿ ಅತ್ತಿ?"

"ಬ್ಯಾಡಂದ್ರ ಬ್ಯಾಡ್ರಿ. ಕೇಳಸ್ತದ."

ಯಾರಿಗೆ ಎಂದು ಅವರು ಕೇಳಲಿಲ್ಲ. ಆ ದಿನದಿಂದ ನಮ್ಮ ಮನೆಯಲ್ಲಿ ನನ್ನ ಹೆಸರು ನಿಂತುಹೋಯಿತು. ಅವ್ವನಿಗೆ ನಾನು ತಂಗಿ, ಅಕಿ, ಇಕಿ. ಅತ್ತೆಯ ಮಾತು ಮೀರಬಾರದೆಂದು ಬಸವರಾಜರಿಗೂ ನಾನು "ಏನ, ಕೇಳಿಲ್ಲಿ". ಹೆಸರಿಲ್ಲದೆ ಇರುವುದು ಏನು ಮಹಾ ಎಂದು ನಿಮಗೆ ಅನ್ನಿಸಬಹುದು. ಮನೆಯವರೆಲ್ಲ ದನಿ ತಗ್ಗಿಸಿ, ಹೆಸರು ಬಿಟ್ಟು, ಕಿಟಕಿಯ ಕಡೆ ನೋಡಿಕೊಂಡು ಮಾತಾಡತೊಡಗಿದರೆ ಮೂರನೆಯ ದಿನಕ್ಕೆ ನಿಮಗೂ ನೀವು ಸತ್ತಿದ್ದೀರೋ ಏನೋ ಎಂಬ ಸಂಶಯ ಬರುತ್ತದೆ.

ಹೈದರಾಬಾದಿಗೆ ಮೊದಲ ಸಲ ಹೋಗುವಾಗ ಅವ್ವನೂ ರೈಲು ಹತ್ತಿದಳು. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ತೆಲುಗು, ಉರ್ದು, ಕನ್ನಡ ಎಲ್ಲ ಕಲಸಿದ ಗದ್ದಲ. ಆದರೆ ಗೋಡೆಯ ಸ್ಪೀಕರಿನಿಂದ ಹೆಸರು ಬಂದ ಕೂಡಲೇ ಎಲ್ಲವೂ ತಣ್ಣಗೆ. ಒಬ್ಬರು ಎದ್ದು ಒಳಗೆ ಹೋದ ಮೇಲೆ ಮತ್ತೆ ಗದ್ದಲ. ಒಳಗೆ ಹೋದವರು ಬೇರೆ ಬಾಗಿಲಿನಿಂದ ಹೊರಬೀಳುತ್ತಿದ್ದರು. ಅವ್ವನಿಗೆ ಆ ಬಾಗಿಲು ಕಾಣುತ್ತಿರಲಿಲ್ಲ. ಹೋದವರು ಯಾರೂ ತಿರುಗಿ ಬರದೇ ಇರುವುದನ್ನು ಅವಳು ಬಹಳ ಹೊತ್ತು ನೋಡುತ್ತ ಕೂತಿದ್ದಳು.

"ಶಿವಲೀಲಾ" ಎಂದಿತು ಗೋಡೆ.

ನಾನು ಏಳಲು ಹೋದರೆ ಅವ್ವ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು. ಗದ್ದೆಯಲ್ಲಿ ಕಳೆ ಕಿತ್ತ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ. "ಒಂದs ಸಲ ಕರದ್ರ ಓ ಅನಬಾರದು" ಎಂದು ಕಿವಿಯಲ್ಲಿ ಹೇಳಿದಳು. ಕತ್ತಲಲ್ಲಿ ಹೆಸರು ಹಿಡಿದು ಕರೆಯುವುದು ಮನುಷ್ಯರೇ ಆಗಿರಬೇಕೆಂದಿಲ್ಲ, ಮೂರು ಸಲ ಕರೆದ ಮೇಲೇ ಓಗೊಡಬೇಕು ಎಂದು ನಾವು ಸಣ್ಣವರಿದ್ದಾಗ ಕಲಿಸಿದ್ದಳು. ಎರಡನೆಯ ಸಲ ಕರೆಯಿತು. ಕೋಣೆಯಲ್ಲಿದ್ದವರೆಲ್ಲ ಸುತ್ತ ನೋಡಿದರು, ಎಲ್ಲಿ ಹೋದಳು ಈ ಶಿವಲೀಲಾ ಎಂದು. ನಾನು ಅಲ್ಲೇ ಇದ್ದೆ, ಬಾಯಿ ಬಿಡಲು ಆಗದೆ. ಹಟ್ಟಹಗಲು, ಮೇಲೆ ಟ್ಯೂಬ್‌ಲೈಟು, ಆದರೂ ನನ್ನ ತೋಳಿನ ಕೂದಲು ನಿಂತವು. ಮೂರನೆಯ ಸಲ ಕರೆದಾಗ ಅವ್ವ ಕೈ ಬಿಟ್ಟಳು. ನರ್ಸು ನನ್ನನ್ನು ಕಿವುಡಿಯೇನು ಎಂದು ಬೈದಳು. ನಾನು ಹೊರಗೆ ಬರುವಷ್ಟರಲ್ಲಿ ಅವ್ವ ಇರಲಿಲ್ಲ. ಗೇಟಿನ ಹತ್ತಿರ ಬಸವರಾಜರಿಗೆ "ನಾ ಇದ್ರ ಅಕಿಗಿ ಛಲೋ ಆಗಂಗಿಲ್ಲ" ಎಂದು ಹೇಳಿ, ಒಬ್ಬಳೇ ಸ್ಟೇಷನ್ನಿಗೆ ಹೋಗಿದ್ದಳು.

ಆಮೇಲೆ ಚಿಕಿತ್ಸೆಗೆ ಅವಳು ಬರಲೇ ಇಲ್ಲ. ನನಗೆ ರೋಗಕ್ಕಿಂತ ಅದರ ದುಃಖ ದೊಡ್ಡದಾಯಿತು. ಕೂದಲು ಉದುರಿದ ದಿನ ಅವ್ವ ಬೇಕು ಅನ್ನಿಸಿತು. ವಾಂತಿಯಾಗಿ ನೆಲದ ಮೇಲೆ ಕೂತಾಗ ಅವ್ವ ಬೇಕು ಅನ್ನಿಸಿತು. ಫೋನ್ ಮಾಡಿದರೆ ತಮ್ಮನ ಹೆಂಡತಿ ಎತ್ತಿ, "ಅತ್ತಿ ಹೊಲಕ್ಕ ಹೋಗ್ಯಾರ" ಎನ್ನುತ್ತಿದ್ದಳು. ಆ ಸವಳು ಹೊಲದಲ್ಲಿ ಯಾವ ಕೆಲಸವೂ ಇಲ್ಲವೆಂದು ನನಗೆ ಗೊತ್ತಿತ್ತು. ಉಳಿದ ಹೊಲವನ್ನು ತಮ್ಮನೇ ನೋಡಿಕೊಳ್ಳುತ್ತಿದ್ದ.

ಇಂಥ ದಿನಗಳಲ್ಲಿ ದಯೆ ಸಣ್ಣ ಸಣ್ಣದಾಗಿ ಬರುತ್ತದೆ. ಗುರುಮಠಕಲ್ಲಿನ ಲಕ್ಷ್ಮಮ್ಮ ಎಂಬಾಕೆ ನನ್ನ ಪಕ್ಕದ ಕುರ್ಚಿಯಲ್ಲಿ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದರು. ಕೆಂಪು ಔಷಧ ನರಕ್ಕೆ ಇಳಿಯುವಾಗ ಬರುವ ವಾಸನೆಯನ್ನು ಅವರಿಗೂ ತಡೆಯಲಾಗುತ್ತಿರಲಿಲ್ಲ. ಒಂದು ದಿನ ಸೆರಗಿನ ಗಂಟಿನಿಂದ ನಿಂಬೆಹಣ್ಣು ತೆಗೆದು, ಉಗುರಿನಿಂದ ಗೀರಿ ನನ್ನ ಮೂಗಿಗೆ ಹಿಡಿದರು. "ತೊಗೋ ಬೇಟಿ, ಅದರ ಕಡಿ ನೋಡಬ್ಯಾಡ, ಇದರ ವಾಸನಿ ತೊಗೊ." ಆಮೇಲೆ ಪ್ರತಿ ಸಲವೂ ಎರಡು ನಿಂಬೆಹಣ್ಣು ತರುತ್ತಿದ್ದರು. ಈಗಲೂ ನಿಂಬೆ ಹಿಂಡುವಾಗ ಅವರ ನೆನಪಾಗುತ್ತದೆ.

ಕೆಂಪು ಔಷಧ ಮುಗಿದ ಮೇಲೆ ನೀರಿನಂಥ ತಿಳಿಯಾದ ಇನ್ನೊಂದನ್ನು ಕೊಡುತ್ತಿದ್ದರು. ಮೊದಲ ಸಲ ನರ್ಸು ಅದರ ಹೆಸರನ್ನು ಗಟ್ಟಿಯಾಗಿ ಓದಿ, ನನ್ನ ಹೆಸರಿನೊಂದಿಗೆ ತಾಳೆ ನೋಡಿದಳು. ಆ ಹೆಸರು ನನಗೆ ಚೆನ್ನಾಗಿ ಗೊತ್ತಿತ್ತು. ನಿತ್ಯಪುಷ್ಪದಿಂದ ತೆಗೆದದ್ದು ಅದು. ನನ್ನ ಸಂಶೋಧನಾ ಪ್ರಬಂಧದ ಮೊದಲ ಪುಟದಲ್ಲೇ ಬರೆದಿದ್ದೆ. ಸುಡುಗಾಡಿನ ಹೂವು ಬಸ್ಸಿಳಿದು, ರೈಲು ಹತ್ತಿ, ನನ್ನನ್ನು ಹುಡುಕಿಕೊಂಡು ಈ ಕುರ್ಚಿಯವರೆಗೆ ಬಂದಿತ್ತು. ಅದು ಹನಿಹನಿಯಾಗಿ ಒಳಗೆ ಇಳಿಯುವುದನ್ನು ನೋಡುತ್ತ, ಸೀಸೆಯ ತಳಕ್ಕೆ ಅಂಟಿಕೊಂಡ ಆ ಹೆಂಗಸಿಗೆ ಮೇಲಿನಿಂದ ನಾನು ಸಾರ ಬಿಡುತ್ತಿದ್ದುದು ನೆನಪಾಯಿತು. ಆಕೆಗೆ ಹೀಗೇ ಅನ್ನಿಸುತ್ತಿತ್ತೇ ಎಂದುಕೊಂಡೆ. ಇದು ಹುಚ್ಚು ವಿಚಾರ, ಕೋಶಕ್ಕೆ ಅನ್ನಿಸಿಕೆ ಇರುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳುವಂತೆ ನನಗೆ ನಾನೇ ಹೇಳಿಕೊಂಡೆ. ಆ ಔಷಧ ಬೆರಳ ತುದಿಗಳ ಸ್ಪರ್ಶವನ್ನು ತಿನ್ನುತ್ತದೆ. ಕೆಲವು ವಾರಗಳಲ್ಲಿ ನನಗೆ ರವಿಕೆಯ ಹುಕ್ಕು ಹಾಕಲು ಬರದಾಯಿತು. ಬಸವರಾಜ ಹಾಕುತ್ತಿದ್ದರು, ಮುಖದಲ್ಲಿ ಕಷ್ಟದ ಲೆಕ್ಕ ಬಿಡಿಸುವಾಗಿನ ಗಂಭೀರತೆ ಇರುತ್ತಿತ್ತು.

ಚಿಕಿತ್ಸೆ ಅರ್ಧವಾದಾಗ ನನಗೆ ತಡೆಯಲಾಗಲಿಲ್ಲ. ಯಾರಿಗೂ ಹೇಳದೆ, ತಲೆಗೆ ವಸ್ತ್ರ ಸುತ್ತಿಕೊಂಡು ಬೋನಾಳಕ್ಕೆ ಹೋದೆ. ಹೊತ್ತು ಇಳಿಯುತ್ತಿತ್ತು. ಮನೆಯಲ್ಲಿ ಅವ್ವ ಇರಲಿಲ್ಲ, ಹೊಲಕ್ಕೆ ಹೋದೆ. ಕೆರೆಯ ಕಡೆಯಿಂದ ಹಕ್ಕಿಗಳ ಕೂಗು ಕೇಳುತ್ತಿತ್ತು, ಆದರೆ ನಮ್ಮ ಹೊಲದ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ಕಾಲುವೆ ತುಂಬಿ ಸದ್ದಿಲ್ಲದೆ ಹೋಗುತ್ತಿತ್ತು. ಬಿಳಿ ಉಪ್ಪಿನ ನೆಲ, ಅದರ ಮೇಲೆ ಆ ನೇರಳೆ ಹೂವು, ಹೂವಿನ ನಡುವೆ ನನಗೆ ಬೆನ್ನು ಹಾಕಿ ಕೂತ ಅವ್ವ. ಒಂದು ಗಿಡದ ಮುಂದೆ ಕೂತು ಯಾರನ್ನೋ ಬೇಡಿಕೊಳ್ಳುವ ದನಿಯಲ್ಲಿ ಮಾತಾಡುತ್ತಿದ್ದಳು.

"ಬಿಟ್ಟುಬಿಡು. ನಾ ತಪ್ಪಿ ಹೇಳೀನಿ. ಅಕಿಗಿ ಏನೂ ಇದ್ದಿಲ್ಲ. ಬಿಟ್ಟುಬಿಡು."

ಆ ಗಿಡದ ಬುಡದಲ್ಲಿ ಬಣ್ಣಗೆಟ್ಟ ಅರಿಷಿಣದ ದಾರವಿತ್ತು.

ನನಗೆ ಆ ಕ್ಷಣವೇ ಎಲ್ಲ ತಿಳಿಯಿತು. ಆದರೂ ಕೇಳಿದೆ. "ಅವ್ವ, ಯಾರ ಹೆಸರ ಹೇಳಿದ್ದಿ?"

ಅವಳು ತಿರುಗಿ ನೋಡಿದಳು. ಬೋಳು ತಲೆಗೆ ವಸ್ತ್ರ ಸುತ್ತಿದ ನನ್ನನ್ನು ಅವಳು ಕಂಡದ್ದು ಅದೇ ಮೊದಲು. ಎದ್ದು ಬರಲಿಲ್ಲ, ಕೂತಲ್ಲೇ ಹೇಳಿದಳು. "ಆ ಹೆಣ್ಮಗಳ ಹೆಸರು ನಿನಗs ಗೊತ್ತಿಲ್ಲಂದಿ. ಗಿಡಕ್ಕ ಒಂದು ಹೆಸರು ಬೇಕಾತು. ನಿನ್ನ ಕೆಲಸಕ್ಕs ಹೌದಲ್ಲ ಅಂತ ನಿನ್ನ ಹೆಸರ ಹೇಳಿದ್ನಿ. ಶಿವ... ಇಕಿಗಿ ಬ್ಯಾನಿ ಆಗ್ಯಾದ, ಔಷಧ ಕೊಡು ಅಂದ್ನಿ. ಬ್ಯಾನಿ ಇಲ್ಲದಾಕಿಗಿ ಅದ ಅಂತ ಹೇಳಿದ್ನಿ ತಂಗಿ. ಗಿಡ ಖರೇ ಮಾಡಿತು."

ನಾನೂ ಹೆದರಿದೆ ಎಂದು ಒಪ್ಪಿಕೊಳ್ಳುತ್ತೇನೆ. ನಾನು ಓದಿದವಳು. ಗಂಟು ಏಳುವ ಎಷ್ಟೋ ಮೊದಲೇ ರೋಗ ಮೈಯೊಳಗೆ ಇರುತ್ತದೆ ಎಂದು ಗೊತ್ತಿದ್ದವಳು. ಆದರೂ ಆ ಹೊಲದಲ್ಲಿ, ಹೂವೆಲ್ಲ ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದಾಗ, ಆ ಓದು ಎಲ್ಲಿ ಹೋಯಿತೋ. ಹೇಳಿದ ಮರುದಿನದ ಎಲೆಯಲ್ಲಿ ಔಷಧ ಬಂತು, ಅದು ನಾನೇ ಕಣ್ಣಾರೆ ನೋಡಿದ್ದು. ಹೇಳಿದ ಮೇಲೆ ನನಗೆ ಜ್ವರ ಬಂತು, ಅದೂ ನಿಜ. ಎರಡರ ನಡುವೆ ಏನೂ ಸಂಬಂಧವಿಲ್ಲ ಎಂದು ಅವ್ವನಿಗೆ ಹೇಳಬೇಕಿತ್ತು. ಬಾಯಿಂದ ಬೇರೆ ಮಾತು ಬಂತು.

"ಅವ್ವ, ಹೈದರಾಬಾದಿನ್ಯಾಗ ನನಗ ನರದಾಗ ಬಿಡೋ ಔಷಧ ಇದೇ ಗಿಡದ್ದು."

ಅವ್ವ ನನ್ನ ಮುಖ ನೋಡಿದಳು, ಗಿಡ ನೋಡಿದಳು. "ಈ ಗಿಡದ್ದು?"

"ಇದೇ ಜಾತಿದು. ಗಂಟು ಕರಗಾಕತ್ತಾವ. ಡಾಕ್ಟರ್ ಹೇಳ್ಯಾರ."

ಅವ್ವ ಎದ್ದು ಬಂದು ನನ್ನ ತಲೆಯ ವಸ್ತ್ರ ಬಿಚ್ಚಿ, ಎರಡೂ ಕೈಯನ್ನು ಬೋಳು ನೆತ್ತಿಯ ಮೇಲಿಟ್ಟು ಅತ್ತಳು. ನಾನೂ ಅತ್ತೆ. ಅಷ್ಟು ದಿನ ತಡೆದದ್ದೆಲ್ಲ ಆ ಉಪ್ಪಿನ ನೆಲದಲ್ಲಿ ಹೋಯಿತು. ಮನೆಗೆ ಬರುವಾಗ ಅವ್ವ, "ಕೇಳಿದ್ದು ಕೊಟ್ಟದ. ಕೊಟ್ಟ ಮ್ಯಾಲೆ ಹೆಸರ ಬಿಡಬೇಕು ಅದು" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಅಂದು ನನ್ನನ್ನು ಮಗ್ಗುಲಲ್ಲಿ ಮಲಗಿಸಿಕೊಂಡಳು. ಆದರೂ ಹೆಸರು ಹಿಡಿದು ಕರೆಯಲಿಲ್ಲ.

ಉಳಿದ ಚಿಕಿತ್ಸೆಗೆಲ್ಲ ಅವ್ವ ಬಂದಳು. ಲಕ್ಷ್ಮಮ್ಮನೊಂದಿಗೆ ಗೆಳೆತನ ಬೆಳೆಸಿ, ನಿಂಬೆಹಣ್ಣಿನ ಜೊತೆ ಶೇಂಗಾ ಹೋಳಿಗೆಯನ್ನೂ ವಿನಿಮಯ ಮಾಡಿಕೊಂಡಳು. ಗೋಡೆ ನನ್ನ ಹೆಸರು ಕೂಗಿದಾಗ ಮಾತ್ರ, ಮೂರನೆಯ ಸಲದವರೆಗೆ ನನ್ನ ಕೈ ಬಿಡಲಿಲ್ಲ. ನರ್ಸಿಗೂ ರೂಢಿಯಾಗಿ ನನ್ನ ಹೆಸರನ್ನು ಒಂದೇ ಉಸಿರಿಗೆ ಮೂರು ಸಲ ಕೂಗಿಬಿಡುತ್ತಿದ್ದಳು.

ಚಿಕಿತ್ಸೆ ಮುಗಿದು, ಕೊನೆಯ ಸ್ಕ್ಯಾನಿನಲ್ಲಿ ಏನೂ ಉಳಿದಿಲ್ಲ ಎಂದರು. ಬಸವರಾಜ ಈ ಸಲ ಬಾಳೆಹಣ್ಣು ಕೊಳ್ಳಲಿಲ್ಲ. ರೈಲಿನಲ್ಲಿ ಯಾದಗಿರಿಯವರೆಗೂ ಬಾಯಿ ಮುಚ್ಚದೆ ಮಾತಾಡಿದರು. ಸುದ್ದಿ ಕೇಳಿದ ಅವ್ವ ಎರಡು ದಿನ ಬಿಟ್ಟು ಬಂದಳು. ಓಣಿಯ ತುದಿಯಿಂದಲೇ, ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನೋಡುವಂತೆ, "ಶಿವಲೀಲಾ! ಏ ಶಿವಲೀಲಾ!" ಎಂದು ಕರೆದಳು. ಒಳಗೆ ಅನ್ನಕ್ಕಿಟ್ಟಿದ್ದ ನಾನು ಮೊದಲ ಕರೆಗೇ ಓ ಎಂದು ಓಡಿದೆ. ನನ್ನ ಹೆಸರು ಅಷ್ಟು ಚಂದ ಇದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮತ್ತೆ ಕೆಲಸಕ್ಕೆ ಹೋದೆ. ಉಕ್ಕಿನ ಪೆಟ್ಟಿಗೆಯ ಬಾಗಿಲು ತೆಗೆದರೆ ಅದೇ ಬೆಚ್ಚನೆಯ ಉಸಿರು. ನಾನಿಲ್ಲದಾಗ ಸಹೋದ್ಯೋಗಿಗಳು ಊಟ ಹಾಕಿದ್ದರು, ಆಕೆ ಚೆನ್ನಾಗಿ ಬೆಳೆದಿದ್ದಳು. ಈಗ ತಟ್ಟೆಯಲ್ಲಿ ನೇರಳೆ ಕಂಡಾಗ ನನಗೆ ಮೊದಲಿನಂತೆ ಬೇಸರ ಆಗುವುದಿಲ್ಲ. ಕೆಲಸಕ್ಕೆ ಬೇಕಾದದ್ದು ಹಳದಿಯೇ, ಆದರೆ ಬದುಕಿರುವುದರ ಬಣ್ಣ ಅದು, ನೋಡಿದ ಕೂಡಲೇ ಮನಸ್ಸು ಎರಡಾಗುತ್ತದೆ.

ಎಲೆ ಬೇಕಾಗಿ ಹೋದ ತಿಂಗಳು ಬೋನಾಳಕ್ಕೆ ಹೋದೆ. ಸವಳು ಹೊಲದಲ್ಲಿ ಆ ಗಿಡ ಹಾಗೇ ಇತ್ತು. ಬುಡದ ಹಳೆಯ ದಾರ ಹರಿದು ನೆಲಕ್ಕೆ ಬಿದ್ದಿತ್ತು. ಅದರ ಮೇಲ್ಗಡೆ, ಅರಿಷಿಣ ಇನ್ನೂ ಕೈಗೆ ಹತ್ತುವಂಥ, ಹೊಸ ದಾರ ಕಟ್ಟಿತ್ತು.

ಮನೆಗೆ ಬಂದು, ಕಟ್ಟೆಯ ಮೇಲೆ ಕೂತಿದ್ದ ಅವ್ವನನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ಸುಮ್ಮ ಬಿಡಂಗಿಲ್ಲ ಅದು. ಒಂದು ಹೆಸರ ಇಸ್ಕೋಬೇಕಂದ್ರ ಇನ್ನೊಂದು ಕೊಡಬೇಕು."

"ಯಾರದು ಕೊಟ್ಟಿ?"

"ಮಂದಿದು ಕೊಡಾಕ ಬರ್ತದೇನು? ನೀಲಮ್ಮ ಅಂತ ಹೇಳೀನಿ."

ನಾನು ಸಿಟ್ಟಾದೆ, ಬೈದೆ, ಇದೆಲ್ಲ ಮಳ್ಳತನ ಎಂದೆ. ಅವ್ವ ಕೂದಲು ಬಿಚ್ಚಿ, ಬಾಚಣಿಕೆಯನ್ನು ನನ್ನ ಕೈಗೆ ಕೊಟ್ಟು ಮುಂದೆ ಕೂತಳು. "ಬೈದದ್ದು ಮುಗೀತಂದ್ರ ಬಾಚು."

ನಾನು ಇದನ್ನು ನಂಬುವುದಿಲ್ಲ. ಆದರೆ ಅಂದಿನಿಂದ ಅವ್ವನನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೇನೆ, ದಿನಾ ಅವಳ ತಲೆ ನಾನೇ ಬಾಚುತ್ತೇನೆ. ಬಾಚುತ್ತ ಬಾಚುತ್ತ ಬೆರಳುಗಳು ಕಿವಿಯ ಹಿಂದಕ್ಕೆ, ಅಲ್ಲಿಂದ ಕುತ್ತಿಗೆಗೆ ಇಳಿಯುತ್ತವೆ. ಬೆರಳ ತುದಿಗೆ ಇನ್ನೂ ಪೂರ್ತಿ ಸ್ಪರ್ಶ ಬಂದಿಲ್ಲ, ಅದನ್ನು ಆ ಗಿಡ ವಾಪಸು ಕೊಟ್ಟಿಲ್ಲ. ಅದಕ್ಕೆ ಎರಡೆರಡು ಸಲ ನೋಡುತ್ತೇನೆ.

"ಏನ ಹುಡುಕಾಕತ್ತಿ?" ಎಂದು ನಿನ್ನೆ ಅವ್ವ ಕೇಳಿದಳು.

"ಹೇನು."

"ಸಿಕ್ಕಾವೇನು?"

"ಇಲ್ಲವ್ವ."

"ಬರೋಬ್ಬರಿ ನೋಡು" ಎಂದು ತಲೆ ಬಗ್ಗಿಸಿ ಕೂತಳು. ನಾನು ಮತ್ತೊಮ್ಮೆ ನೋಡಿದೆ.